ಮಾವನ ಹಿಮ್ಮಡಿಯಲ್ಲಿ ಕಂಡ ಹಸಿರು

ನಾನು ಹುಟ್ಟಿದ್ದು ಕಾಲು ಮುಂದಾಗಿ. ಹೆರಿಗೆ ಮಾಡಿಸಿದವಳು ಹೆದರಿ ಬೆವತುಹೋದಳಂತೆ, ಅಮ್ಮನ ಜೀವ ಹೋಗಿ ಬಂತಂತೆ. ನಮ್ಮಜ್ಜಿ ಮಾತ್ರ ಬಾಗಿಲಲ್ಲಿ ನಿಂತುಕೊಂಡು, "ಒಳ್ಳೇದಾಯ್ತು ಬಿಡು, ಇನ್ಮೇಲೆ ಸುಳುಕಿಗೆ ಊರೂರು ಅಲೀಬೇಕಾಗಿಲ್ಲ" ಎಂದರಂತೆ. ಮೊಮ್ಮಗಳು ಬದುಕುತ್ತಾಳೋ ಇಲ್ಲವೋ ಎಂಬುದು ಇನ್ನೂ ತೀರ್ಮಾನವಾಗದ ಹೊತ್ತಿನಲ್ಲೇ ಅವಳಿಗೊಂದು ಉದ್ಯೋಗ ಗೊತ್ತುಮಾಡಿಟ್ಟವರು ನಮ್ಮಜ್ಜಿ.

ತಮಿಳುನಾಡಿನ ಕಾರಮಡೈ ಕಡೆಯ ನಮ್ಮ ಕನ್ನಡದ ಮನೆಗಳಲ್ಲಿ ಈ ನಂಬಿಕೆ ಬಲು ಗಟ್ಟಿ. ಸೊಂಟ ಹಿಡಿದುಕೊಂಡರೂ, ಕತ್ತು ತಿರುಗದಿದ್ದರೂ, ಪಾದ ಊದಿದರೂ ಅದಕ್ಕೆ ಸುಳುಕು ಎಂದೇ ಹೆಸರು. ಉಳುಕು ಎಂಬ ಮಾತು ನನ್ನ ಕಿವಿಗೆ ಬಿದ್ದದ್ದು ಮುಂದೆ ಮೈಸೂರಿನಲ್ಲಿ ಓದುವಾಗ. ಸುಳುಕಿಗೆ ಡಾಕ್ಟರಿಲ್ಲ. ಕಾಲು ಮುಂದಾಗಿ ಹುಟ್ಟಿದವರು ತಮ್ಮ ಅಂಗಾಲಿನಿಂದ ನೋವಿರುವ ಕಡೆ ನೀವಿದರೆ ಅದು ಹೋಗುತ್ತದೆ. ಹೀಗಾಗಿ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಮುಂದಿನ ತಿಣ್ಣೆಯ, ಅಂದರೆ ಜಗಲಿಯ, ಮೇಲೆ ಯಾರಾದರೂ ಬೋರಲು ಮಲಗಿರುವುದು ಮಾಮೂಲಾಗಿತ್ತು. ನಾನು ಕಂಬ ಹಿಡಿದುಕೊಂಡು ನಿಂತು, ಅವರ ಬೆನ್ನಿನ ಮೇಲೆ ಒಂದು ಕಾಲಿಟ್ಟು, ಮೇಲಿನಿಂದ ಕೆಳಗೆ ಎಳೆಯುತ್ತಿದ್ದೆ. ಹೊಲದಲ್ಲಿ ಆಳುಗಳನ್ನು ಗದರಿಸುವ ದೊಡ್ಡ ಮೀಸೆಯವರು ನನ್ನ ಪುಟ್ಟ ಕಾಲಿನಡಿ "ಅಮ್ಮಾ, ಮೆಲ್ಲಗೆ ತಾಯೀ" ಎನ್ನುತ್ತಿದ್ದರು. ಅಷ್ಟು ಚಿಕ್ಕ ವಯಸ್ಸಿಗೆ ನನಗೆ ಅಷ್ಟು ಜಂಬ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ.

ಅಜ್ಜಿ ಒಂದು ಕಟ್ಟಳೆ ಇಟ್ಟಿದ್ದರು. ನೀವಿಸಿಕೊಂಡವರು ಎದ್ದ ಮೇಲೆ, ನಾನು ಕಾಲೂರಿ ನಿಂತಿದ್ದ ನೆಲವನ್ನು ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ದೊಡ್ಡವರಾದರೇನು, ಊರಿನ ಗೌಡರಾದರೇನು, ಮುಟ್ಟದೆ ಹೋದರೆ ಸುಳುಕು ದಾರಿ ತಿಳಿದುಕೊಂಡು ವಾಪಸು ಬರುತ್ತದೆ. ಎಲ್ಲರೂ ಮುಟ್ಟುತ್ತಿದ್ದರು. ಮುಟ್ಟದವರು ಒಬ್ಬರೇ, ನನ್ನ ಸೋದರಮಾವ.

ಮಾವ ಅಮ್ಮನ ಅಣ್ಣ. ನಮ್ಮ ಮನೆಯ ಪಕ್ಕದಲ್ಲೇ ಅವರ ಮನೆ, ಹಿಂದೆ ಅವರ ಬಾಳೆತೋಟ. ಎರಡು ಆಳು ಹೊರುವ ಗೊನೆಗಳನ್ನು ಒಬ್ಬರೇ ಹೆಗಲಿಗೇರಿಸಿಕೊಂಡು, ಬದುವಿನ ಮೇಲೆ ಬಳುಕದೆ ನಡೆದು ಲಾರಿಯವರೆಗೆ ಬರುತ್ತಿದ್ದರು. ನೆಟ್ಟಗೆ ನಿಲ್ಲುವುದೇ ಅವರ ಗುಣ. ದೇವರ ಮುಂದೆ ಕೂಡ ಕೈಮುಗಿದು ನಿಲ್ಲುತ್ತಿದ್ದರೇ ಹೊರತು ಅಡ್ಡಬಿದ್ದದ್ದನ್ನು ನಾನು ಕಂಡಿಲ್ಲ. ನನ್ನಿಂದ ನೀವಿಸಿಕೊಂಡ ಮೇಲೆ ನೆಲ ಮುಟ್ಟುವ ಬದಲು ನನ್ನ ಕಿವಿ ಹಿಂಡಿ, "ನಾನ್ ಎತ್ತಿ ಆಡಿಸ್ದವ್ಳು ನೀನು, ನಿನ್ಗ್ ಬಗ್ಬೇಕಾ ಕಳ್ಳಿ?" ಎಂದು ಒಂದು ಪೂವನ್ ಬಾಳೆಹಣ್ಣು ಕೈಗಿಡುತ್ತಿದ್ದರು. ಹಣ್ಣು ತಿನ್ನುತ್ತಲೇ ನಾನು ಉರಿದುಹೋಗುತ್ತಿದ್ದೆ. ಎಲ್ಲರಿಂದ ಸಲ್ಲುವ ಮರ್ಯಾದೆ ಇವರೊಬ್ಬರಿಂದ ಸಲ್ಲುತ್ತಿಲ್ಲವಲ್ಲ ಎಂಬ ಸಿಟ್ಟು.

ಮಾವನಿಗೆ ಬರುತ್ತಿದ್ದದ್ದು ಬೆನ್ನಿನ ಸುಳುಕಲ್ಲ, ಕಾಲಿನದು. ಸಂಜೆ ಸರಿಯಾಗಿ ಓಡಾಡಿಕೊಂಡಿದ್ದವರು ಬೆಳಗಾಗುವುದರೊಳಗೆ ಹೆಬ್ಬೆರಳ ಬುಡವನ್ನೋ ಪಾದವನ್ನೋ ಹಿಮ್ಮಡಿಯನ್ನೋ ಹಿಡಿದುಕೊಂಡು ಕೂತಿರುತ್ತಿದ್ದರು. ಕೆಂಪಗೆ ಊದಿ ಹೊಳೆಯುತ್ತಿತ್ತು. ಹೊದಿಕೆ ತಾಗಿದರೂ ಕೂಗುತ್ತಿದ್ದರು. ಎಲ್ಲಿ ಹೊರಳಿತು ಎಂದರೆ, "ಕಾಲ್ವೆ ಬದೂನಲ್ಲಿ ಜಾರ್ತು" ಎನ್ನುತ್ತಿದ್ದರು. ಜಾರಿದ್ದನ್ನು ಕಂಡವರು ಯಾರೂ ಇಲ್ಲ. ಮನೆದೇವರಿಗೆ ಮರಿ ಕಡಿದು ನೆಂಟರಿಷ್ಟರೆಲ್ಲ ಉಂಡ ವಾರದಲ್ಲಿ ಅದು ತಪ್ಪದೆ ಬರುತ್ತಿತ್ತು. ಊಟದಲ್ಲಿ ಮಾವ ಯಾರಿಗೂ ಬಿಟ್ಟುಕೊಡುವವರಲ್ಲ, ಹೀಗಾಗಿ ಅವರ ಪಾಲಿನ ಜೊತೆಗೆ ಅತ್ತೆಯ ಪಾಲೂ ಅವರ ಎಲೆಗೇ ಬೀಳುತ್ತಿತ್ತು. ಮರುದಿನವೋ ಅದರ ಮರುದಿನವೋ ನನಗೆ ಕರೆ ಬರುತ್ತಿತ್ತು. ಹಕ್ಕಿಯ ಗರಿ ಸೋಕಿದ ಹಾಗೆ ನಾನು ಅವರ ಹಿಮ್ಮಡಿಯ ಹಿಂದಿನಿಂದ ಕೆಳಗೆ ಕಾಲಾಡಿಸುತ್ತಿದ್ದೆ. ಒಂದು ವಾರದಲ್ಲಿ ನೋವು ಮಾಯ.

ಈಗ ಗೊತ್ತು, ಅದು ಗೌಟ್. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿ, ಹರಳುಗಟ್ಟಿ, ಕೀಲಿನಲ್ಲಿ ಕೂತು ಕಾಡುವ ಕಾಯಿಲೆ. ಒಂದೊಂದು ಸಲದ ನೋವು ತಾನಾಗಿ ಬಂದು ತಾನಾಗಿ ಹೋಗುತ್ತದೆ. ಹೋದಾಗಲೆಲ್ಲ ಕೀರ್ತಿ ಬಂದದ್ದು ನನಗೆ. ಮತ್ತೆ ಬಂದಾಗ ಅಪವಾದ ಬಂದದ್ದು ಮಾವನಿಗೆ. "ಏನುಂಗ, ನೆಲ ಮುಟ್ಟಿ ಅಂದ್ರೆ ಮುಟ್ಟಲ್ಲ. ಅದ್ಕೇ ವರ್ಷಾವರ್ಷ ಬರ್ತಾ ಇದೆ" ಎಂದು ಅತ್ತೆ ಎಲ್ಲರ ಎದುರಿಗೇ ಹಂಗಿಸುತ್ತಿದ್ದರು. ಮಾವ ಕೇಳಿಸದವರ ಹಾಗೆ ಮೀಸೆ ತೀಡುತ್ತಿದ್ದರು.

ನಾನು ಓದಿದೆ. ಮೈಸೂರಿನಲ್ಲಿ ಡಾಕ್ಟರಾದೆ, ಅಲ್ಲಿಯ ಹಾಸ್ಟೆಲಿನಲ್ಲಿ ರೂಮಿನ ಗೆಳತಿಯ ಕೈಯಲ್ಲಿ ಬೈಸಿಕೊಂಡು ಕನ್ನಡದ ಅಕ್ಷರವನ್ನೂ ಕಲಿತೆ. ನಮ್ಮ ಮನೆಯಲ್ಲಿ ಕನ್ನಡ ಓದಿ ಬರೆಯಬಲ್ಲ ಮೊದಲನೆಯವಳು ನಾನೇ. ಆಮೇಲೆ ಕೋವೈಗೆ, ಅಂದರೆ ಕೊಯಮತ್ತೂರಿಗೆ, ಬಂದು ರೇಡಿಯಾಲಜಿ ಮುಗಿಸಿದೆ. ಎಕ್ಸ್‌ರೇ, ಸ್ಕ್ಯಾನು ನೋಡಿ ಒಳಗೇನಾಗಿದೆ ಎಂದು ಹೇಳುವ ಕೆಲಸ. ಈ ಕೆಲಸವೇನೆಂದು ಊರಿನವರಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. "ಫೋಟೋ ಡಾಕ್ಟ್ರು" ಎನ್ನುತ್ತಾರೆ. ಮೊದಮೊದಲು ರೇಗುತ್ತಿದ್ದೆ, ಈಗ ಹೂಂ ಎನ್ನುತ್ತೇನೆ.

ನಮ್ಮ ಸೆಂಟರಿಗೆ ಹೊಸ ಸಿ.ಟಿ. ಯಂತ್ರ ಬಂದ ಮೇಲೆ ನನ್ನ ಜಂಬ ಇನ್ನಷ್ಟು ಏರಿತು. ಅದು ಒಂದೇ ಜಾಗವನ್ನು ಎರಡು ಶಕ್ತಿಯ ಕಿರಣಗಳಿಂದ ನೋಡುತ್ತದೆ. ಮೂಳೆಯ ಸುಣ್ಣಕ್ಕೂ ಗೌಟಿನ ಹರಳಿಗೂ ವ್ಯತ್ಯಾಸ ಕಂಡುಹಿಡಿದು, ಸುಣ್ಣಕ್ಕೆ ನೀಲಿ, ಹರಳಿಗೆ ಹಸಿರು ಬಣ್ಣ ಹಚ್ಚಿಕೊಡುತ್ತದೆ. ಗೌಟ್ ಎಂದರೆ ಹೆಬ್ಬೆರಳು ಎಂದು ಎಲ್ಲರೂ ತಿಳಿದಿರುತ್ತಾರೆ. ಆದರೆ ವರ್ಷಗಟ್ಟಲೆ ಔಷಧಿಯಿಲ್ಲದೆ ಬಿಟ್ಟರೆ ಅದು ಕೀಲಿನಲ್ಲೇ ಕೂತಿರುವುದಿಲ್ಲ. ಹಿಮ್ಮಡಿಯನ್ನು ಮೀನಖಂಡಕ್ಕೆ ಬಿಗಿಯುವ ನಾರಿನಲ್ಲಿ, ಮಂಡಿಯ ಕೆಳಗಿನ ಪಟ್ಟಿಯಲ್ಲಿ, ಚರ್ಮದಡಿಯಲ್ಲಿ, ಅಪರೂಪಕ್ಕೆ ಬೆನ್ನುಮೂಳೆಯ ಸುತ್ತಲೂ ಹೋಗಿ ಸೇರಿಕೊಳ್ಳುತ್ತದೆ. ಕೀಲು ಬಿಟ್ಟು ಅಲೆಯಲು ಹೋದ ಗೌಟನ್ನು ಹಸಿರು ಬಣ್ಣದಲ್ಲಿ ಹಿಡಿದು ತೋರಿಸಿದಾಗ ಕಳುಹಿಸಿದ ಡಾಕ್ಟರುಗಳೇ ಫೋನು ಮಾಡಿ ಕೇಳುತ್ತಿದ್ದರು. ಹಾಗೆ ಕೇಳಿಸಿಕೊಳ್ಳುವುದು ನನಗೆ ಬಹಳ ಇಷ್ಟ.

ಅತ್ತೆ ಫೋನು ಮಾಡಿದ ದಿನ ನಾನು ಮಧ್ಯಾಹ್ನದ ಊಟಕ್ಕೆ ಕೂತಿದ್ದೆ. ಕೆಲವು ತಿಂಗಳಿಂದ ಮಾವನಿಗೆ ಬೆನ್ನುನೋವು, ಬಲಗಾಲು ಜೋಮು ಹಿಡಿದು ನಡೆಯುವುದು ಕಷ್ಟ ಎಂದು ಗೊತ್ತಿತ್ತು. ವಯಸ್ಸು ಎಂದುಕೊಂಡಿದ್ದೆವು. ಈಗ ಮಗ ಬಲವಂತವಾಗಿ ದೊಡ್ಡ ಆಸ್ಪತ್ರೆಯೊಂದಕ್ಕೆ ಕರೆದೊಯ್ದು ಎಂ.ಆರ್.ಐ. ತೆಗೆಸಿದ್ದ. ಬೆನ್ನುಮೂಳೆಯ ಹಿಂಭಾಗದಲ್ಲಿ ಒಂದು ಗಡ್ಡೆ, ಮೂಳೆಯನ್ನು ಸವೆಸಿಕೊಂಡು ನರವನ್ನು ಒತ್ತುತ್ತಿದೆ. ಕ್ಷಯವಿರಬಹುದು, ಕೆಟ್ಟ ಗಡ್ಡೆಯೂ ಇರಬಹುದು, ಮುಂದಿನ ವಾರ ಕೊಯ್ದು ನೋಡಬೇಕು. ಅಷ್ಟು ಹೇಳುವುದರೊಳಗೆ ಅತ್ತೆ ಅತ್ತುಬಿಟ್ಟರು.

"ಅಮ್ಮಿಣಿ, ಅವ್ರು ಹಠ ಹಿಡ್ದವ್ರೆ. ಕತ್ತಿ ಇಡೋದ್ಕ್ ಮುಂಚೆ ನಿನ್ ಕಾಲ್ ಒಂದ್ಸಲ ಬೆನ್ಮೇಲೆ ಬೀಳ್ಬೇಕಂತೆ. ಇಲ್ದಿದ್ರೆ ಆಪರೇಷನ್‌ಗೆ ಬರಕ್ಕಿಲ್ಲ ಅಂತವ್ರೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ! ಬೆನ್ನಿನ ಮಾತು ಬಂದಾಗ ಅವರಿಗೆ ನೆನಪಾದದ್ದು ನನ್ನ ಕಣ್ಣಲ್ಲ, ಕಾಲು. "ನಾಳೆ ಕರ್ಕೊಂಡ್ ಬನ್ನಿ ಅತ್ತೆ, ಎಂ.ಆರ್.ಐ. ಸೀಡಿಯೂ ತನ್ನಿ" ಎಂದಷ್ಟೇ ಹೇಳಿ, ತಟ್ಟೆಯನ್ನು ಸರಿಸಿ ಎದ್ದೆ.

ಮರುದಿನ ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಕೊಂಡು ಮಾವ ಬಂದರು. ಇಬ್ಬರು ಹಿಡಿದು ಇಳಿಸಿದರು. ಗೊನೆ ಹೊತ್ತ ಆ ಬೆನ್ನು ಮುಂದಕ್ಕೂ ಬಾಗದೆ ಹಿಂದಕ್ಕೂ ಬಾಗದೆ ಕೊರಡಾಗಿತ್ತು. ಚಪ್ಪಲಿ ಮೆಟ್ಟಿಕೊಳ್ಳಲು ಕೂಡ ಅತ್ತೆಯೇ ಬಗ್ಗಬೇಕು. ಅತ್ತೆ ಸಿರುಮುಗೈ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ಕೋವೈ ಆಸ್ಪತ್ರೆಗಳಿಗೆ ಹಳೆಯ ಸೀರೆಯಲ್ಲಿ ಹೋದರೆ ಕಾಯಿಸುತ್ತಾರೆ ಎಂಬುದು ಅವರ ಸಿದ್ಧಾಂತ. ಮಾವ ನನ್ನನ್ನು ನೋಡಿ ನಗಲು ನೋಡಿದರು. ಆ ನಗು ನೋಡಲಾಗಲಿಲ್ಲ.

ಮೊದಲು ಅವರ ಎಂ.ಆರ್.ಐ. ನೋಡಿದೆ. ಆ ಆಸ್ಪತ್ರೆಯವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಗಡ್ಡೆ ಇತ್ತು, ಮೂಳೆ ಸವೆದಿತ್ತು, ನರ ನಲುಗಿತ್ತು. ಯಾರೇ ನೋಡಿದ್ದರೂ ಅದನ್ನೇ ಬರೆಯುತ್ತಿದ್ದರು, ನಾನೂ ಅದನ್ನೇ ಬರೆಯುತ್ತಿದ್ದೆ. ಕ್ಷಯವಾದರೆ ಪುಣ್ಯ ಎಂದುಕೊಂಡೆ. ಕ್ಷಯ ಆಗಲಿ ದೇವರೇ ಎಂದು ಬೇಡಿಕೊಳ್ಳುವ ಸ್ಥಿತಿ ನನ್ನ ಶತ್ರುವಿಗೂ ಬೇಡ.

ಪರೀಕ್ಷೆಯ ಕೋಣೆಯಲ್ಲಿ ಮಾವನನ್ನು ಬೋರಲು ಮಲಗಿಸಿದ್ದರು. ನಾನು ಬಾಗಿಲು ಹಾಕಿದೆ. ಅತ್ತೆ ಮೂಲೆಯಲ್ಲಿ ನಿಂತರು.

"ಇಡು ಅಮ್ಮಿಣಿ," ಎಂದರು ಮಾವ, ದಿಂಬಿಗೆ ಮುಖ ಒತ್ತಿಕೊಂಡೇ.

"ಬೆನ್ಮೇಲ್ ಇಡಕ್ಕಾಗಲ್ಲ ಮಾವ. ಒಳ್ಗೆ ಮೂಳೆ ಸವ್ದಿದೆ. ಕಾಲಿಟ್ರೆ ಮುರೀತದೆ."

"ಸುಮ್ನೆ ಸೋಕ್ಸು."

"ಸೋಕ್ಸೋದೂ ಇಲ್ಲ. ನಾನ್ ಡಾಕ್ಟ್ರು."

"ಡಾಕ್ಟ್ರು ಊರ್ ತುಂಬಾ ಅವ್ರೆ. ನಾನ್ ಡಾಕ್ಟ್ರನ್ನ ಹುಡ್ಕೊಂಡ್ ಬಂದೋನಲ್ಲ," ಎಂದರು. ಅವರ ದನಿ ನಡುಗಿತು. ಅದೇ ಮೊದಲ ಬಾರಿ ಮಾವನಿಗೆ ಭಯವಾಗಿದೆ ಎಂದು ನನಗೆ ತಿಳಿದದ್ದು. "ಬೆನ್ನ್ ಬೇಡಾಂದ್ರೆ ಕಾಲ್ಗಾದ್ರೂ ಇಡು. ಚಿಕ್ಕೋಳಾಗಿದ್ದಾಗ ಇಡ್ತಿದ್ಯಲ್ಲ, ಹಿಮ್ಮಡಿಗೆ."

ಹಿಮ್ಮಡಿಗೆ ಇಟ್ಟರೆ ನಷ್ಟವೇನಿಲ್ಲ. ನಾನು ಚಪ್ಪಲಿ ಬಿಟ್ಟೆ, ಮಂಚದ ಅಂಚಿಗೆ ಕೈಯಾನಿಸಿ ಬಲಗಾಲೆತ್ತಿದೆ. ಬಿಳಿ ಕೋಟು ಹಾಕಿಕೊಂಡು, ಕತ್ತಿನಲ್ಲಿ ಗುರುತಿನ ಚೀಟಿ ನೇತಾಡಿಸಿಕೊಂಡು, ಒಂಟಿಕಾಲಲ್ಲಿ ನಿಂತ ನನ್ನನ್ನು ಯಾರಾದರೂ ನೋಡಿದ್ದರೆ ನನ್ನ ಗತಿಯೇನು? ಆದರೆ ಕಾಲಿಟ್ಟ ಕೂಡಲೇ ಅದೆಲ್ಲ ಮರೆತುಹೋಯಿತು. ಅಂಗಾಲಿನಡಿ, ಮಾವನ ಹಿಮ್ಮಡಿಯ ಹಿಂದಿನ ನಾರಿನಲ್ಲಿ, ಗಟ್ಟಿಯಾಗಿ ಏನೋ ಸಿಕ್ಕಿತು. ಒಂದಲ್ಲ, ಕಡಲೆಕಾಳಿನ ಹಾಗೆ ಮೂರುನಾಲ್ಕು. ಅದು ಹಿಂದೆ ಇರಲಿಲ್ಲ. ಈ ಹಿಮ್ಮಡಿ ನನ್ನ ಕಾಲಿಗೆ ಎಷ್ಟು ಪರಿಚಯವೆಂದರೆ, ಎಷ್ಟು ಕಾಲವಾದರೂ ಇಲ್ಲಿ ಇದು ಇರಲಿಲ್ಲ ಎಂದು ಅಂಗಾಲೇ ಹೇಳಿತು.

ಕಾಲಿಳಿಸಿ, ಬಗ್ಗಿ, ಕೈಯಿಂದ ಒತ್ತಿ ನೋಡಿದೆ. ಇನ್ನೊಂದು ಕಾಲನ್ನೂ ನೋಡಿದೆ. ಅಲ್ಲೂ ಇತ್ತು.

"ಮಾವ, ಆ ಕಾಲ್ ಸುಳುಕು ಈಗ್ಲೂ ಬರ್ತದಾ?"

"ನೀನ್ ಓದಕ್ ಹೋದ್ಮೇಲೆ ಜಾಸ್ತಿ ಆಯ್ತು. ಮೊದ್ಲು ವರ್ಷಕ್ಕೊಂದ್ಸಲ ಬರ್ತಿತ್ತು. ಆಮೇಲ್ ಮಳೆಗೂ ಬಂತು, ಬಿಸ್ಲಿಗೂ ಬಂತು. ನೀವಕ್ಕೆ ಯಾರವ್ರೆ?"

"ಡಾಕ್ಟ್ರಿಗ್ ಹೇಳಿದ್ರಾ?"

ದಿಂಬಿನಿಂದ ಮುಖವೆತ್ತಿ ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದರು. "ಸುಳುಕನ್ನ ಯಾರಾದ್ರೂ ಡಾಕ್ಟ್ರಿಗ್ ಹೇಳ್ತಾರಾ?"

ಕೀಲುನೋವು ಇದೆಯೇ, ಹಳೆಯ ಕಾಯಿಲೆ ಏನಾದರೂ ಇದೆಯೇ ಎಂದು ಆಸ್ಪತ್ರೆಯವರು ತಮಿಳಿನಲ್ಲಿ ಕೇಳಿಯೇ ಇದ್ದರಂತೆ. ಕಾಲಿನ ಗಂಟು ಕಂಡು ಇದೇನು ಎಂದೂ ಒಬ್ಬರು ಕೇಳಿದರಂತೆ. ಮಾವ "ಒಣ್ಣುಮಿಲ್ಲೆ ಸಾರ್, ಸುಮ್ಮಾ ಸುಳುಕ್ಕು" ಎಂದು, ಏನಿಲ್ಲ ಬರೀ ಸುಳುಕು ಎಂಬಂತೆ ಕೈಯಾಡಿಸಿದ್ದರು. ಸುಳ್ಳು ಹೇಳಲಿಲ್ಲ. ನಮ್ಮ ಕಡೆ ಕಾಯಿಲೆ ಬೇರೆ, ಸುಳುಕು ಬೇರೆ. ಕಾಯಿಲೆ ಆಸ್ಪತ್ರೆಗೆ ಸೇರಿದ್ದು, ಸುಳುಕು ತಿಣ್ಣೆಗೆ ಸೇರಿದ್ದು. ತಿಣ್ಣೆಯ ಸಂಗತಿಯನ್ನು ಆಸ್ಪತ್ರೆಗೆ ಒಯ್ಯುವ ಬುದ್ಧಿ ನಮ್ಮವರಲ್ಲಿ ಯಾರಿಗೂ ಬಂದಿರಲಿಲ್ಲ.

ಅವತ್ತೇ ಸಿ.ಟಿ.ಗೆ ಹಾಕೋಣ, ಬೆನ್ನು, ಮಂಡಿ, ಪಾದ ಎಲ್ಲವನ್ನೂ ನೋಡೋಣ ಎಂದೆ. ಅತ್ತೆ ಗಾಬರಿಯಾದರು. "ಮತ್ತೆ ಸ್ಕ್ಯಾನಾ ಅಮ್ಮಿಣಿ? ಒಂದ್ಸಲ ನೋಡಿದ್ದಲ್ಲೇ ಇಷ್ಟ್ ಸಿಕ್ತು, ಇನ್ನೊಂದ್ಸಲ ನೋಡಿದ್ರೆ ಇನ್ನೇನ್ ಸಿಕ್ತದೋ!" ಎಂದರು. ನಾನು ಅವರ ಸೆರಗನ್ನೇ ಕೈಯಲ್ಲಿ ಹಿಡಿದುಕೊಂಡು ಕಿಟಕಿಯ ಬೆಳಕಿಗೆ ತೋರಿಸಿದೆ. ಹಾಸಿಗೊಂದು ಬಣ್ಣ, ಹೊಕ್ಕಿಗೊಂದು ಬಣ್ಣ ಹಾಕಿ ನೇಯ್ದ ಸೀರೆ ಅದು. ನೇರವಾಗಿ ಹಿಡಿದರೆ ನೀಲಿ, ಓರೆಯಾಗಿ ಹಿಡಿದರೆ ಹಸಿರು. "ಒಂದೇ ಕಡೆಯಿಂದ ನೋಡ್ದೋರು ಇದನ್ನ ನೀಲಿ ಸೀರೆ ಅಂತಾರೆ ಅತ್ತೆ. ಅವ್ರದ್ ತಪ್ಪಲ್ಲ. ನನ್ ಮಿಷಿನ್ ಎರಡ್ ಕಡೆಯಿಂದ್ಲೂ ನೋಡ್ತದೆ." ಅತ್ತೆಗೆ ಯಂತ್ರ ಅರ್ಥವಾಯಿತೋ ಇಲ್ಲವೋ, ಸೀರೆಯ ಗುಣ ಬಲ್ಲವರು, ತಲೆಯಾಡಿಸಿದರು.

ಮಾವನನ್ನು ಮಲಗಿಸಿದ ಹಲಗೆ ಯಂತ್ರದ ಬಳೆಯೊಳಗೆ ಹೋಯಿತು, ಬಂತು. ನಾನು ಗಾಜಿನ ಈಚೆ ಕಂಪ್ಯೂಟರಿನ ಮುಂದೆ ಕೂತೆ. ಬೂದು ಬಣ್ಣದ ಚಿತ್ರ ಮೊದಲು ಬರುತ್ತದೆ, ಬಣ್ಣ ಆಮೇಲೆ ತುಂಬುತ್ತದೆ. ಪಾದವನ್ನೇ ಮೊದಲು ತೆರೆದೆ. ಹಿಮ್ಮಡಿಯ ಕೆಳಗೆಲ್ಲ ಹಸಿರೋ ಹಸಿರು. ಎದೆ ಹಾರಿತು, ಕೂಡಲೇ ಕುಸಿಯಿತು. ಈ ಯಂತ್ರ ಕೆಲವು ಕಡೆ ಸುಳ್ಳು ಹೇಳುತ್ತದೆ. ಉಗುರಿಗೆ ಹಸಿರು ಹಚ್ಚುತ್ತದೆ, ದಡ್ಡುಗಟ್ಟಿದ ಚರ್ಮಕ್ಕೂ ಹಚ್ಚುತ್ತದೆ. ಜೀವಮಾನವಿಡೀ ಬರಿಗಾಲಿನಲ್ಲಿ ತೋಟದಲ್ಲಿ ನಡೆದವರ ಹಿಮ್ಮಡಿ ದಡ್ಡುಗಟ್ಟದೆ ಇರುತ್ತದೆಯೇ? ಹೊರಗಿನ ಹಸಿರನ್ನು ನಂಬಿ ಕುಣಿದರೆ ನನ್ನಂಥ ಮೂರ್ಖಳಿಲ್ಲ. ತುಟಿ ಕಚ್ಚಿಕೊಂಡು ಚಿತ್ರವನ್ನು ಒಂದೊಂದೇ ಪದರವಾಗಿ ಒಳಕ್ಕೆ ಸರಿಸಿದೆ. ಚರ್ಮ ದಾಟಿತು, ಕೊಬ್ಬು ದಾಟಿತು. ನಾರಿನೊಳಗೆ, ನನ್ನ ಅಂಗಾಲಿಗೆ ಸಿಕ್ಕಿದ್ದ ಜಾಗದಲ್ಲೇ, ಗಟ್ಟಿಯಾದ ಹಸಿರು ಇತ್ತು. ಅಲ್ಲಿ ದಡ್ಡಿಲ್ಲ, ಉಗುರಿಲ್ಲ. ಸುಳ್ಳು ಹೇಳಲು ಯಂತ್ರಕ್ಕೆ ಅಲ್ಲಿ ಕಾರಣವೇ ಇಲ್ಲ.

ಮಂಡಿಯ ಕೆಳಗಿನ ಪಟ್ಟಿಯಲ್ಲೂ ಇತ್ತು. ಆಮೇಲೆ ಬೆನ್ನು ತೆರೆದೆ. ತೆರೆಯುವ ಮೊದಲು ಕಣ್ಣು ಮುಚ್ಚಿಕೊಂಡೆ ಎಂದು ಹೇಳಿದರೆ ನನ್ನ ಸಹೋದ್ಯೋಗಿಗಳು ನಗುತ್ತಾರೆ, ನಗಲಿ. ಕಣ್ಣು ಬಿಟ್ಟಾಗ ನೀಲಿ ಬೆನ್ನುಮೂಳೆಯ ಹಿಂದೆ, ಎಲ್ಲರೂ ಗಡ್ಡೆ ಎಂದಿದ್ದ ಆ ಜಾಗದಲ್ಲಿ, ಭತ್ತದ ಸಸಿಮಡಿಯ ಹಸಿರು ತುಂಬಿಕೊಂಡಿತ್ತು.

ನಾನು ಕಿರುಚಿದೆನಂತೆ. ನನಗೆ ನೆನಪಿಲ್ಲ. ಅತ್ತೆ ಓಡಿಬಂದು ಏನಾಯಿತು ಎಂದು ಕೇಳಿದ್ದು ಮಾತ್ರ ನೆನಪಿದೆ. ಬೆರಳಿಂದ ಪರದೆ ತೋರಿಸಿ, "ಅತ್ತೆ, ಸುಳುಕು ನೋಡಿ, ಸುಳುಕು! ಕಾಲಿಂದ ಹತ್ಕೊಂಡ್ ಹೋಗಿ ಬೆನ್ನಲ್ ಕೂತಿದೆ" ಎಂದೆ. ಇಷ್ಟು ವರ್ಷ ಓದಿ ರೋಗದ ಹೆಸರು ಹೇಳುವ ಹೊತ್ತಿಗೆ ಬಾಯಿಗೆ ಬಂದದ್ದು ಅಜ್ಜಿಯ ಹೆಸರೇ. ಆ ಗಳಿಗೆ ನನಗಾದ ಹೆಮ್ಮೆಯನ್ನು ಮುಚ್ಚಿಟ್ಟು ನಾನೇನು ಮಾಡಲಿ? ಊರಿನ ಎಲ್ಲರ ಕಣ್ಣಿಗೆ ತಪ್ಪಿಸಿಕೊಂಡದ್ದು ನನಗೆ ಸಿಕ್ಕಿತ್ತು, ಅದೂ ನನ್ನ ಮಾವನ ಮೈಯಲ್ಲಿ.

ಆಪರೇಷನ್ ಮಾಡಬೇಕಿದ್ದ ಸರ್ಜನ್‌ಗೆ ಫೋನು ಮಾಡಿದೆ. ಹಿರಿಯರು, ಮೆಲುಮಾತಿನವರು. ಚಿತ್ರ ಕಳುಹಿಸಿದೆ. ಬಹಳ ಹೊತ್ತು ನೋಡಿ, ಚೆನ್ನಾಗಿದೆ, ಆದರೆ ಬಣ್ಣ ಹಚ್ಚಿದ್ದು ಕಂಪ್ಯೂಟರು ತಾನೇ ಅಮ್ಮಾ ಎಂದರು. ಹರಳನ್ನು ಕಣ್ಣಿಗೆ ತೋರಿಸು, ಕತ್ತಿ ಕೆಳಗಿಡುತ್ತೇನೆ ಎಂದರು. ನನಗೆ ಮೂಗಿನ ತುದಿಯಲ್ಲಿ ಕೋಪ, ಆದರೂ ಅವರ ಮಾತು ನ್ಯಾಯವಾಗಿತ್ತು. ನಾನು ಅವರ ಜಾಗದಲ್ಲಿದ್ದಿದ್ದರೆ ಅದನ್ನೇ ಕೇಳುತ್ತಿದ್ದೆ.

ಮಾವ ಮತ್ತೆ ಬೋರಲು ಮಲಗಿದರು. ಸ್ಕ್ಯಾನಿನಲ್ಲಿ ದಾರಿ ನೋಡಿಕೊಂಡು, ಮರಗಟ್ಟಿಸಿ, ಬೆನ್ನಿನೊಳಕ್ಕೆ ಉದ್ದನೆಯ ಸೂಜಿ ಇಳಿಸಿದೆ. "ಕಾಲಿಡೂಂದ್ರೆ ಸೂಜಿ ಇಡ್ತೀಯಲ್ಲ ಕಳ್ಳಿ" ಎಂದು ಮಾವ ಗೊಣಗಿದರು. ಸೂಜಿಯ ತುದಿಯಲ್ಲಿ ಬಂದದ್ದು ಕೀವೂ ಅಲ್ಲ, ಮಾಂಸವೂ ಅಲ್ಲ. ಎಲೆಯಡಿಕೆಗೆ ಹಚ್ಚುವ ಸುಣ್ಣದ ಹಾಗೆ ಬೆಳ್ಳಗಿನ ಮುದ್ದೆ. ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಮಾಮೂಲಿನ ಹಾಗೆ ಅದನ್ನು ಫಾರ್ಮಲಿನ್‌ನಲ್ಲಿ ಹಾಕಿ ಕಳುಹಿಸಿದರೆ ಹರಳು ದಾರಿಯಲ್ಲೇ ಕರಗಿ, ಲ್ಯಾಬಿನವರಿಗೆ ಏನೂ ಸಿಗುವುದಿಲ್ಲ. ನಾನೇ ನಿಂತು ಸ್ಪಿರಿಟ್‌ನಲ್ಲಿ ಹಾಕಿಸಿ, ಕ್ಷಯದ ಪರೀಕ್ಷೆಗೆ ಬೇರೆ ಪಾಲು ತೆಗೆದಿಟ್ಟು ಕಳುಹಿಸಿದೆ. ಹರಳಿನ ಉತ್ತರ ಮರುದಿನವೇ ಬಂತು. ಸೂಕ್ಷ್ಮದರ್ಶಕದಲ್ಲಿ ಸೂಜಿಯಂಥ ಹರಳುಗಳ ರಾಶಿ. ಕೆಟ್ಟ ಗಡ್ಡೆಯ ಗುರುತಿಲ್ಲ. ಕ್ಷಯವೂ ಇಲ್ಲ ಎಂದು ಆಮೇಲೆ ಖಚಿತವಾಯಿತು. ಸರ್ಜನ್ ತಾವಾಗಿಯೇ ಫೋನು ಮಾಡಿ ಆಪರೇಷನ್ ನಿಲ್ಲಿಸಿದೆ ಎಂದರು. ಕಾಲಿನ ಶಕ್ತಿ ಇನ್ನೂ ಕಡಿಮೆಯಾದರೆ ಮಾತ್ರ ಆ ಕ್ಷಣವೇ ಕರೆದುಕೊಂಡು ಬರಬೇಕು, ಅಲ್ಲಿಯವರೆಗೆ ಗೌಟಿನ ಮಾತ್ರೆಗಳು. ಕೊನೆಗೆ, "ಹೇಗಮ್ಮಾ ನಿನಗೆ ಗೌಟ್ ಎಂದು ಹೊಳೆಯಿತು?" ಎಂದು ಕೇಳಿದರು. ಕಾಲಿಗೆ ಹೊಳೆಯಿತು ಎನ್ನಲು ಧೈರ್ಯ ಸಾಲಲಿಲ್ಲ, ಹಿಮ್ಮಡಿಯಲ್ಲಿ ಗಂಟು ಸಿಕ್ಕಿತು ಸಾರ್ ಎಂದೆ.

ಆಪರೇಷನ್ ಇಲ್ಲ ಎಂದಾಗ ಮಾವ ಮೀಸೆಯಡಿ ನಕ್ಕರು. "ಅಮ್ಮಿಣಿ ಕಾಲಿಟ್ಲು, ಕತ್ತಿ ಓಡೋಯ್ತು" ಎಂದು ಅತ್ತೆಗೆ ಹೇಳಿದರು. ನನ್ನ ಯಂತ್ರ, ನನ್ನ ಹಸಿರು, ನನ್ನ ಸೂಜಿ ಯಾವುದೂ ಲೆಕ್ಕಕ್ಕಿಲ್ಲ. ನಾನು ಕೂತು ಸುಳುಕು ಎಂದರೇನು, ಹರಳು ಎಂದರೇನು, ಮಾತ್ರೆ ಬಿಟ್ಟರೆ ಏನಾಗುತ್ತದೆ ಎಂದು ಚಿಕ್ಕಮಕ್ಕಳಿಗೆ ಹೇಳುವ ಹಾಗೆ ಹೇಳಿದೆ. ಮರಿಯ ಮಾಂಸಕ್ಕೆ ಕಡಿವಾಣ ಹಾಕಿದೆ. ಆ ಮಾತು ಮಾತ್ರ ಅವರಿಗೆ ಚೆನ್ನಾಗಿ ಕೇಳಿಸಿತು, ಮುಖ ಇಳಿಯಿತು. ಇನ್ನುಮುಂದೆ ನಮ್ಮ ಮನೆಗಳಲ್ಲಿ ಯಾರಿಗೆ ಕಾಲು ಊದಿದರೂ ತಿಣ್ಣೆಗಲ್ಲ, ಡಾಕ್ಟರ ಹತ್ತಿರ ಕಳುಹಿಸುತ್ತೇನೆ ಎಂದು ಅತ್ತೆಯಿಂದ ಆಣೆ ಮಾಡಿಸಿಕೊಂಡೆ.

ಹರಳು ಬಂದಷ್ಟೇ ನಿಧಾನವಾಗಿ ಕರಗುತ್ತದೆ. ಮೊದಲ ವಾರಗಳಲ್ಲಿ ದಿನವೂ ಫೋನು ಮಾಡಿ ಕಾಲಿನ ಶಕ್ತಿ ಕೇಳುತ್ತಿದ್ದೆ. ಫೋನು ಬಡಿದುಕೊಂಡರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಓಡುತ್ತಿದ್ದೆ. ಆಮೇಲೆ ಜೋಮು ಇಳಿಯಿತು. ತಿಣ್ಣೆಯವರೆಗೆ ನಡೆದರು ಎಂದು ಅತ್ತೆ ಹೇಳಿದರು. ಇನ್ನೊಂದು ತಿಂಗಳಿಗೆ ತೋಟದ ಬಾವಿಯವರೆಗೆ ಹೋಗಿಬಂದರಂತೆ. ಆದರೆ ಬಗ್ಗುವುದಕ್ಕೆ ಮಾತ್ರ ಹೆದರುತ್ತಿದ್ದಾರೆ, ಕೆಳಗೆ ಬಿದ್ದ ಟವೆಲನ್ನೂ ಎತ್ತಿಕೊಳ್ಳುವುದಿಲ್ಲ ಎಂದರು.

ವರ್ಷ ತುಂಬುವ ಹೊತ್ತಿಗೆ ಮತ್ತೆ ಸ್ಕ್ಯಾನು ಮಾಡೋಣ ಎಂದು ಕರೆದೆ. ಕಾರು ಕಳಿಸುತ್ತೇನೆ ಎಂದರೆ ಬೇಡವೆಂದರು. ಕಾರಮಡೈಯಿಂದ ಬಸ್ಸು ಹಿಡಿದು, ಗಾಂಧಿಪುರಂನಲ್ಲಿ ಇಳಿದು, ಆ ಜನಜಂಗುಳಿಯಲ್ಲಿ ಅತ್ತೆಗೆ ದಾರಿ ಮಾಡಿಕೊಡುತ್ತಾ ನಡೆದೇ ಬಂದರು. ಹೆಗಲ ಮೇಲೆ ಒಂದು ಪೂವನ್ ಗೊನೆ ಬೇರೆ! ಬೈದೆ. ಚಿಕ್ಕ ಗೊನೆ ಎಂದರು.

ಪರದೆಯ ಮೇಲೆ ಹಳೆಯ ಚಿತ್ರ, ಹೊಸ ಚಿತ್ರ ಎರಡನ್ನೂ ಪಕ್ಕಪಕ್ಕ ಇಟ್ಟು ಅವರಿಬ್ಬರನ್ನೂ ಕರೆದು ತೋರಿಸಿದೆ. ಬೆನ್ನಿನ ಹಸಿರು ಅಲ್ಲಲ್ಲಿ ಚುಕ್ಕಿಯಾಗಿ ಉಳಿದಿತ್ತು. ಹಿಮ್ಮಡಿಯ ನಾರಿನಲ್ಲಿ ಹುಡುಕಿ ತೋರಿಸಬೇಕಾಯಿತು. ಮಾವ ಕನ್ನಡಕ ಹಾಕಿಕೊಂಡು, ಬಾಳೆಸಸಿ ನೋಡುವ ಗಾಂಭೀರ್ಯದಲ್ಲಿ ನೋಡಿದರು.

"ಇದ್ನ ಕಂಡಿದ್ದು ಮಿಷಿನ್ ಮಾವ. ಕರಗ್ಸಿದ್ದು ಮಾತ್ರೆ. ನನ್ ಕಾಲಲ್ಲ. ಊರಲ್ಲೆಲ್ಲಾ ಕಾಲು ಕಾಲು ಅಂತ ಸಾರ್ಬೇಡಿ. ಹೋದ್ ವಾರ ಒಬ್ರು ಬಂದು ಸ್ಕ್ಯಾನ್ ಬೇಡ, ಕಾಲಿಡಿ ಅಂತ ರಿಸೆಪ್ಷನ್‌ನಲ್ಲಿ ಕೂತ್ಬಿಟ್ರು!"

ಮಾವ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಗೊತ್ತು ಅಮ್ಮಿಣಿ," ಎಂದರು. "ಇಷ್ಟ್ ದೊಡ್ ಮಿಷಿನ್‌ಗೆ ಎಲ್ ನೋಡ್ಬೇಕು ಅಂತ ಹೇಳ್ದೋರು ಯಾರು?"

ನನ್ನ ಕಣ್ಣು ತಾನಾಗಿ ನನ್ನ ಕಾಲಿನ ಕಡೆಗೆ ಹೋಯಿತು.

ಹೊರಡುವಾಗ ಬಾಗಿಲವರೆಗೆ ಬಂದೆ. ಸ್ಕ್ಯಾನಿಗೆ ಕಾದಿದ್ದವರು ಸಾಲಾಗಿ ಕೂತಿದ್ದರು. ನಮ್ಮ ಟೆಕ್ನಿಷಿಯನ್ನರು ಬಾಳೆಹಣ್ಣು ಹಂಚಿಕೊಳ್ಳುತ್ತಿದ್ದರು. ಅತ್ತೆ ಮುಂದೆ ಹೋದರು. ಮಾವ ನಾಲ್ಕು ಹೆಜ್ಜೆ ಹೋಗಿ ನಿಂತು, ತಿರುಗಿ ಬಂದರು. ಕಿವಿ ಹಿಂಡಲು ಬರುತ್ತಿದ್ದಾರೆ ಎಂದುಕೊಂಡು ನಾನು ತಲೆ ಓರೆ ಮಾಡಿದೆ. ಅವರು ನನ್ನ ಮುಂದೆ ನಿಂತು, ಹೆಗಲ ಮೇಲಿನ ಟವೆಲು ತೆಗೆದು ಕಂಕುಳಿಗಿಟ್ಟುಕೊಂಡರು.

"ಮಾವ, ಬೇಡ, ಬೆನ್ನು!" ಎಂದು ಕೂಗಿ ನಾನು ಹಿಂದೆ ಸರಿದೆ. ಅತ್ತೆ ಬಾಯಿಗೆ ಸೆರಗೊತ್ತಿ ನಿಂತುಬಿಟ್ಟರು.

ಮಾವ ನಿಧಾನವಾಗಿ ಬಗ್ಗಿದರು. ನಾನು ಕಾಲೂರಿದ್ದ ಟೈಲಿನ ಮೇಲೆ ಬೆರಳಿಟ್ಟು ಕಣ್ಣಿಗೊತ್ತಿಕೊಂಡರು. ಹಾಗೆಯೇ ಎದ್ದು ನೆಟ್ಟಗೆ ನಿಂತರು. ಹಿಡಿಯಲೆಂದು ನಾನು ಚಾಚಿದ ಕೈ ಅವರಿಗೆ ಬೇಕಾಗಲಿಲ್ಲ.